ಅಜ್ಜಿಯ ಬೈಬಲ್ಲಿನ ಖಾಲಿ ಪುಟಗಳು

ಅಜ್ಜಿ ತೀರಿಕೊಂಡ ವಾರ ಅವರ ಕನ್ನಡ ಬೈಬಲ್ಲು ನನ್ನ ಕೈಗೆ ಬಂತು. ಹಳೆಯ ಒಡಂಬಡಿಕೆ ಮುಗಿದು ಹೊಸದು ಶುರುವಾಗುವ ನಡುವಿನ ಖಾಲಿ ಪುಟಗಳಲ್ಲಿ ಮನೆಯವರ ಹುಟ್ಟು, ದೀಕ್ಷಾಸ್ನಾನ, ಮದುವೆ, ಸಾವುಗಳ ತಾರೀಕುಗಳಿದ್ದವು. ಕೊನೆಯ ಸಾಲು ಅಜ್ಜನದು, ಅಜ್ಜಿಯ ಅಕ್ಷರದಲ್ಲಿ. ಮಂಗಳೂರಿನ ಪ್ರೊಟೆಸ್ಟಂಟರ ಚರಿತ್ರೆಯ ಮೇಲೆ ಪಿಎಚ್‌ಡಿ ಮಾಡುತ್ತಿರುವ ನಾನು ಆ ಪುಟಗಳನ್ನು ಅದುವರೆಗೆ ತೆರೆದು ನೋಡಿರಲಿಲ್ಲ.

ನಮ್ಮದು ಬಾಸೆಲ್ ಮಿಶನ್ ಕಾಲದಲ್ಲಿ ಕ್ರೈಸ್ತರಾದ ಬಿಲ್ಲವ ಮೂಲದ ಕುಟುಂಬ. ಮಿಶನರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. 1841ರ ಮುದ್ರಣಾಲಯ, 1843ರ 'ಮಂಗಳೂರ ಸಮಾಚಾರ', 1894ರ ಕಿಟ್ಟೆಲ್ ನಿಘಂಟು ಕನ್ನಡದ ಓದುಗರಿಗೆಲ್ಲ ಗೊತ್ತು. ಅದರ ಪಕ್ಕದಲ್ಲೇ ಹೊಟ್ಟೆಪಾಡಿನ ಇನ್ನೊಂದು ಕಥೆಯಿದೆ. ಕ್ರೈಸ್ತರಾದವರಿಗೆ ಜಾತಿಯ ಆಸರೆ ತಪ್ಪುತ್ತಿತ್ತು, ಗೇಣಿಯ ಭೂಮಿಯೂ ಎಷ್ಟೋ ಸಲ ಕೈಬಿಡುತ್ತಿತ್ತು. ಬಿಲ್ಲವರ ಕುಲಕಸುಬಾದ ಮೂರ್ತೆದಾರಿಕೆಯನ್ನು, ಅಂದರೆ ಶೇಂದಿ ಇಳಿಸುವುದನ್ನು, ಮಿಶನ್ ಒಪ್ಪುತ್ತಿರಲಿಲ್ಲ. ಇಂಥವರ ದುಡಿಮೆಗೆಂದು ನೇಯ್ಗೆ ಬಂತು. 1865ರಲ್ಲಿ ಜೆಪ್ಪುವಿನ ಹಂಚಿನ ಕಾರ್ಖಾನೆ ಬಂತು. ಮೊದಲ ಮಹಾಯುದ್ಧದ ಹೊತ್ತಿಗೆ ಕಾರ್ಖಾನೆಗಳು ಮಿಶನ್ನಿನ ಕೈತಪ್ಪಿದವು. ಹಂಚಿನ ಕೆಲಸ ಮಾತ್ರ ನಮ್ಮ ಮನೆಯಲ್ಲಿ ಉಳಿಯಿತು. ಅಜ್ಜ ನೇತ್ರಾವತಿ ದಂಡೆಯ ಕಾರ್ಖಾನೆಯೊಂದರಲ್ಲಿ ಆವೆಮಣ್ಣು ಹದಮಾಡುತ್ತಲೇ ಮುದುಕರಾದರು.

ಇದನ್ನೆಲ್ಲ ಇಟ್ಟುಕೊಂಡು ನಾನೊಂದು ಅಧ್ಯಾಯ ಬರೆದೆ. ಮತಾಂತರಕ್ಕೆ ಜೀವನೋಪಾಯದ ಭದ್ರತೆಯೇ ಕಾರಣ ಎಂಬುದು ಅದರ ವಾದ. ಅಜ್ಜಿಗೆ ಓದಿ ಹೇಳಿದೆ. ಅವರು ತುಳುವಿನಲ್ಲಿ ಕೇಳಿದ್ದರ ಅರ್ಥ ಇಷ್ಟು: "ಕೆಲಸ ಬಿಟ್ಟ ಮೇಲೂ ಅಜ್ಜ ಇಪ್ಪತ್ತು ವರ್ಷ ಬದುಕಿದರಲ್ಲ ಮಗಾ, ಪ್ರಾರ್ಥನೆ ಬಿಟ್ಟರಾ?"

ಬಿಟ್ಟಿರಲಿಲ್ಲ. ರಾತ್ರಿ ಗಂಜಿಗೆ ಕೂರುವ ಮೊದಲು ಇಬ್ಬರೂ ಚಾಪೆಯ ಮೇಲೆ ಮೊಣಕಾಲೂರುತ್ತಿದ್ದರು. ಮನೆಮಾತು ತುಳು, ಜಗಳ, ನಗು, ಲೆಕ್ಕಾಚಾರ ಎಲ್ಲ ಅದರಲ್ಲೇ. ಪ್ರಾರ್ಥನೆ ಮಾತ್ರ ಬೈಬಲ್ಲಿನ ಗಂಭೀರ ಕನ್ನಡದಲ್ಲಿ. ನೆರೆಮನೆಯ ದನ ಸುಖವಾಗಿ ಕರು ಹಾಕಲಿ ಎಂದೂ ಅಜ್ಜ ಅದೇ ಕನ್ನಡದಲ್ಲಿ ಬೇಡುತ್ತಿದ್ದರು. ಮಕ್ಕಳಾದ ನಾವು ಕಣ್ಣುಮುಚ್ಚಿಕೊಂಡೇ ನಗುತ್ತಿದ್ದೆವು.

ಮಿಶನ್ನಿನ ವರದಿಗಳಲ್ಲಿ ಸೇರಿದವರ ಸಂಖ್ಯೆಯಿದೆ, ಮಗ್ಗಗಳ ಲೆಕ್ಕವಿದೆ. ಜನ ಯಾಕೆ ಬಂದರು ಎಂದು ಅವುಗಳಿಂದ ಒಂದಿಷ್ಟು ಹೇಳಬಹುದು. ಮಿಶನ್ನಿನ ಕೈಯಲ್ಲಿ ಕಾರ್ಖಾನೆಯೂ ಇಲ್ಲ, ಕೆಲಸವೂ ಇಲ್ಲ ಎಂದಾದ ಮೇಲೆ ಯಾಕೆ ಉಳಿದರು? ಬಂದ ಕಾರಣವೂ ಉಳಿದ ಕಾರಣವೂ ಒಂದೇ ಎಂದು ನಾನು ಕೇಳದೆಯೇ ನಂಬಿದ್ದೆ. ಬಡವರ ನಂಬಿಕೆಯ ಬಗ್ಗೆ ಬರೆಯುವಾಗ ಈ ತಪ್ಪು ಬೇಗ ಆಗುತ್ತದೆ. ಅವರ ಹಸಿವನ್ನು ಒಪ್ಪಿಕೊಂಡಷ್ಟು ಸುಲಭವಾಗಿ ಅವರ ಮನಸ್ಸನ್ನು ನಾವು ಒಪ್ಪುವುದಿಲ್ಲ.

ಆ ವಾದವನ್ನು ನಾನು ಪೂರ್ತಿ ಕೈಬಿಟ್ಟಿಲ್ಲ. ಹೊಟ್ಟೆಪಾಡು ಸುಳ್ಳಲ್ಲ, ಅಜ್ಜನೂ ಹಾಗೆನ್ನುತ್ತಿರಲಿಲ್ಲ. 'ಭದ್ರತೆಯೇ ಕಾರಣ' ಎಂದಿದ್ದುದನ್ನು 'ಭದ್ರತೆಯೂ ಕಾರಣ' ಎಂದು ತಿದ್ದಿ, ಅಲ್ಲಿಂದ ಅಧ್ಯಾಯವನ್ನು ಮತ್ತೆ ಬರೆಯುತ್ತಿದ್ದೇನೆ. ಅದನ್ನು ಅಜ್ಜಿಗೆ ಓದಿ ಹೇಳಲು ಆಗಲಿಲ್ಲ. ಅಜ್ಜನ ಸಾಲಿನ ಕೆಳಗೆ ಅವರ ಹೆಸರು, ತಾರೀಕು ಬರೆದಿಟ್ಟೆ.