ಕಾಲ್‌ಔಟ್
ಕಾಲ್‌ಔಟ್: ಹಲವರು ಕೂಡಿ ಆಡುವ ಆನ್‌ಲೈನ್ ಶೂಟಿಂಗ್ ಆಟಗಳ ನಕ್ಷೆಯಲ್ಲಿನ ಜಾಗಗಳಿಗೆ ಆಟಗಾರರೇ ಇಟ್ಟು, ಬಳಕೆಯಿಂದ ನೆಲೆನಿಂತ ಹೆಸರು. ಎದುರಾಳಿ ಎಲ್ಲಿದ್ದಾನೆಂದು ತಂಡದವರಿಗೆ ಮೈಕ್‌ನಲ್ಲಿ ತಕ್ಷಣ ತಿಳಿಸುವ ಅಗತ್ಯದಿಂದ ಹುಟ್ಟಿದ್ದು. ಹಾಗಾಗಿ ಹೆಸರು ಸಾಮಾನ್ಯವಾಗಿ ಒಂದೆರಡು ಪದ ಮೀರದು. ಜಾಗದ ಆಕಾರ, ದಿಕ್ಕು, ಅಲ್ಲಿರುವ ವಸ್ತು ಇದಕ್ಕೆ ಆಧಾರ. ಕೌಂಟರ್-ಸ್ಟ್ರೈಕ್ ಆಟದ ‘ಇನ್ಫರ್ನೊ’ ನಕ್ಷೆಯ ಬಾಗಿದ ಓಣಿ ‘ಬನಾನಾ’. ಡೇವ್ ಜಾನ್‌ಸ್ಟನ್ ರಚಿಸಿದ ‘ಡಸ್ಟ್ 2’ (2001) ನಕ್ಷೆಯಲ್ಲಿ ನಡುದಾರಿಯ ಪೆಟ್ಟಿಗೆ ‘ಎಕ್ಸ್‌ಬಾಕ್ಸ್’. ಬಾಂಬ್ ಇಡುವ ‘ಎ’ ತಾಣದ ಒಂದು ಮೂಲೆ, ಗೋಡೆಯ ಮೇಲಿನ ಹೆಬ್ಬಾತಿನ ಚಿತ್ರದಿಂದಾಗಿ, ‘ಗೂಸ್’. ಬಳಕೆ ಗಟ್ಟಿಯಾದ ಮೇಲೆ ತಯಾರಕರೂ ಇಂಥ ಹೆಸರುಗಳನ್ನು ಪರದೆಯ ಮೇಲೆ ತೋರಿಸಿದ್ದುಂಟು.

ಭಾರತದಲ್ಲಿ ಈ ರೂಢಿ ಹಳ್ಳಿಗಳವರೆಗೆ ಹಬ್ಬಿದ್ದು ಮುಖ್ಯವಾಗಿ ಪಬ್‌ಜಿ ಮೊಬೈಲ್‌ನಿಂದ. ಅದು 2020ರ ಸೆಪ್ಟೆಂಬರ್‌ನಲ್ಲಿ ನಿಷೇಧವಾಗಿ, 2021ರ ಜುಲೈನಲ್ಲಿ ಅದರ ಭಾರತೀಯ ಆವೃತ್ತಿ ಬಿಜಿಎಂಐ ಬಂದಾಗಲೂ ‘ಎರಾಂಗೆಲ್’ ನಕ್ಷೆಯೂ ಅದರ ಹೆಸರುಗಳೂ ಉಳಿದವು. ಪೊಚಿಂಕಿ, ಜಾರ್ಜೋಪೋಲ್ ನಕ್ಷೆಯಲ್ಲೇ ಬರೆದಿರುವ ಊರುಗಳು. ಜಾರ್ಜೋಪೋಲ್ ದಡದ ಕಂಟೇನರ್ ರಾಶಿಯನ್ನು ‘ಕ್ರೇಟ್ಸ್’ ಎಂದವರು ಆಟಗಾರರು. ಕನ್ನಡಿಗರು ಇಂಥ ಹೆಸರನ್ನು ಅನುವಾದಿಸದೆ ವಿಭಕ್ತಿ ಹಚ್ಚಿ ಬಳಸುತ್ತಾರೆ. ‘ಕ್ರೇಟ್ಸ್‌ನಾಗ ಒಬ್ಬ ಅದಾನ’ ಎಂಬುದು ಕೊಪ್ಪಳ ಸೀಮೆಯ ಮಾತಿನ ಧಾಟಿ.