ಕೇಟನ್ಸ್‌ವಿಲ್ಲಿನ ಕಡತದಹನ

ಕ್ರಿ. ಶ. 1968ನೆಯ ಮೇ 17ರಂದು ಅಮೆರಿಕಾ ಸಂಯುಕ್ತ ಸಂಸ್ಥಾನದ ಮೇರಿಲ್ಯಾಂಡ್ ಪ್ರಾಂತಕ್ಕೆ ಸೇರಿದ ಕೇಟನ್ಸ್‌ವಿಲ್ ಎಂಬ ಊರಿನಲ್ಲಿ ಒಂಬತ್ತು ಮಂದಿ ಕ್ಯಾಥೊಲಿಕರು ಕಡ್ಡಾಯ ಸೇನಾಭರ್ತಿಯ ಕಚೇರಿಯನ್ನು ಹೊಕ್ಕು, ಗುಮಾಸ್ತೆಯರು ತಡೆದರೂ ಬಿಡದೆ, 378 ಕಡತಗಳನ್ನು ಹೊರಗಿನ ಬಯಲಿಗೆ ತಂದು ಸುಟ್ಟರು. ವಿಯೆಟ್ನಾಮಿನ ಜನರ ಮೇಲೆ ಸುರಿಯಲ್ಪಡುತ್ತಿದ್ದ ನೇಪಾಮ್ ಎಂಬ ಉರಿದ್ರವ್ಯವನ್ನೇ ಪೆಟ್ರೋಲು, ಸಾಬೂನುಗಳಿಂದ ತಾವೇ ಸಿದ್ಧಪಡಿಸಿ ಇದಕ್ಕೆ ಬಳಸಿದರು. ಬಳಿಕ ಪ್ರಾರ್ಥಿಸುತ್ತ ಪೋಲೀಸಿನವರನ್ನು ಕಾದು ನಿಂತರು.

ಇವರಲ್ಲಿ ಮುಖ್ಯರು ಬೆರಿಗನ್ ಸಹೋದರರು. ಅಗ್ರಜರಾದ ಡೇನಿಯಲ್ (1921–2016) ಯೇಸುಸಂಘದ ಪಾದ್ರಿಗಳು, ಕವಿಗಳು. ಅನುಜರಾದ ಫಿಲಿಪ್ (1923–2002) ಎರಡನೆಯ ಮಹಾಯುದ್ಧದಲ್ಲಿ ಸೈನಿಕರಾಗಿದ್ದು ಅನಂತರ ದೀಕ್ಷೆ ವಹಿಸಿದವರು. 1967ರ ಅಕ್ಟೋಬರಿನಲ್ಲಿ ಬಾಲ್ಟಿಮೋರಿನಲ್ಲಿ ಇಂಥವೇ ಕಡತಗಳ ಮೇಲೆ ರಕ್ತವನ್ನು ಸುರಿದಿದ್ದವರು. 1968ರ ಅಕ್ಟೋಬರಿನ ವಿಚಾರಣೆಯಲ್ಲಿ ಒಂಬತ್ತು ಮಂದಿಯೂ ಕೃತ್ಯವನ್ನು ಅಲ್ಲಗಳೆಯದೆ ಯುದ್ಧದ ಅಧರ್ಮವನ್ನೇ ಮುಂದಿಟ್ಟರು. ನ್ಯಾಯಾಲಯವು ಉದ್ದೇಶವನ್ನು ಗಣಿಸದೆ ಕೃತ್ಯವನ್ನಷ್ಟೇ ಗಣಿಸಿತು. ಡೇನಿಯಲರಿಗೆ ಮೂರು ವರ್ಷ, ಫಿಲಿಪ್ಪರಿಗೆ ಮೂರೂವರೆ ವರ್ಷ ಸೆರೆಮನೆ ವಿಧಿಸಲ್ಪಟ್ಟಿತು.

ಇದು ಅಹಿಂಸೆಯೆನಿಸುವುದೇ ಎಂಬುದೇ ಇಲ್ಲಿ ವಿಚಾರಾರ್ಹವಾದ ಅಂಶ. ಅವರ ಮಿತ್ರರೇ ಆದ ಸನ್ಯಾಸಿ ಥಾಮಸ್ ಮರ್ಟನರು ಈ ಕೃತ್ಯವು ಹಿಂಸೆಯ ಎಲ್ಲೆಯನ್ನು ಮುಟ್ಟಿತೆಂದು ಶಂಕಿಸಿದರು. 1908ರ ಆಗಸ್ಟ್ 16ರಂದು ಜೋಹಾನ್ಸ್‌ಬರ್ಗಿನಲ್ಲಿ ಗಾಂಧಿಯವರ ನೇತೃತ್ವದಲ್ಲಿ ಭಾರತೀಯರು ನೋಂದಣಿಪತ್ರಗಳನ್ನು ಸುಟ್ಟದ್ದುಂಟು. ಆದರೆ ಅವು ಸುಟ್ಟವರ ಸ್ವಂತ ಪತ್ರಗಳು. ಕೇಟನ್ಸ್‌ವಿಲ್ಲಿನವು ಸರ್ಕಾರದ ಸ್ವತ್ತು. ಮನುಷ್ಯರನ್ನು ಮರಣಕ್ಕೆ ಕಳುಹಿಸುವ ಪತ್ರಕ್ಕೆ ಸ್ವತ್ತಿನ ಮರ್ಯಾದೆ ಸಲ್ಲದೆಂಬುದು ಪಾದ್ರಿಗಳ ಸಮಾಧಾನ. ಪ್ರಾಣವನ್ನು ಕಾಗದಕ್ಕಿಂತ ಹಿರಿದೆಂದು ಬಗೆಯುವವರಿಗೆ ಈ ವಾದವು ಸುಲಭವಾಗಿ ತಳ್ಳಿಹಾಕತಕ್ಕದ್ದಲ್ಲ.

ಹೆಚ್ಚಿನ ಆಕ್ಷೇಪಕ್ಕೆ ಎಡೆಗೊಟ್ಟದ್ದು ಅನಂತರದ ನಡತೆ. 1970ರ ಏಪ್ರಿಲಿನಲ್ಲಿ ಸೆರೆಗೆ ಒಪ್ಪಿಸಿಕೊಳ್ಳಬೇಕಾಗಿದ್ದಾಗ ಸಹೋದರರಿಬ್ಬರೂ ತಲೆಮರೆಸಿಕೊಂಡರು. ಫಿಲಿಪ್ಪರು ಬೇಗನೆ ಸಿಕ್ಕಿದರು. ಡೇನಿಯಲರು ಆಗಸ್ಟ್ 11ರಂದು ಬ್ಲಾಕ್ ದ್ವೀಪದಲ್ಲಿ ಬಂಧಿತರಾದರು. ಅಧರ್ಮ್ಯವಾದ ಯುದ್ಧವನ್ನು ನಡೆಸುವ ಪ್ರಭುತ್ವದ ದಂಡನೆಗೆ ತಲೆಬಾಗಬೇಕಾಗಿಲ್ಲವೆಂದು ಅವರ ಪಕ್ಷ. ಸತ್ಯಾಗ್ರಹಿಗಾದರೋ ದಂಡಸ್ವೀಕಾರವೇ ವ್ರತದ ಪೂರ್ಣತೆ; ಕಾನೂನನ್ನು ಮುರಿದವನು ತಾನೇ ಕಷ್ಟವನ್ನು ಹೊತ್ತಾಗ ಅವನ ನಿಸ್ವಾರ್ಥತೆಯು ಲೋಕಕ್ಕೆ ವಿದಿತವಾಗುತ್ತದೆ.

1973ರಲ್ಲಿ ಕಡ್ಡಾಯ ಭರ್ತಿಯು ನಿಂತಿತು. 1980ರ ಸೆಪ್ಟೆಂಬರ್ 9ರಂದು ಈ ಸಹೋದರರು ಇನ್ನಾರು ಮಂದಿಯೊಡನೆ ಪೆನ್ಸಿಲ್ವೇನಿಯದ ಕಾರ್ಖಾನೆಯೊಂದರಲ್ಲಿ ಅಣ್ವಸ್ತ್ರದ ಮೂತಿಗಳನ್ನು ಸುತ್ತಿಗೆಯಿಂದ ಬಡಿದು, ಅಲ್ಲಿಯೇ ಬಂಧನಕ್ಕೊಳಗಾದರು. ಕಡತವನ್ನು ಸುಟ್ಟು ನಿಂತು ಕಾದ ಧೈರ್ಯವೇ ಇಲ್ಲಿ ಮತ್ತೆ ತೋರಿತು. ಅವರ ಧರ್ಮಯುದ್ಧದ ಬಲವು ಬೆಂಕಿಯಲ್ಲಿಯೂ ಸುತ್ತಿಗೆಯಲ್ಲಿಯೂ ಇರದೆ, ಆ ಕಾದು ನಿಲ್ಲುವಿಕೆಯಲ್ಲಿಯೇ ಇದ್ದಿತೆಂದು ಹೇಳುವುದು ಯುಕ್ತವಾಗಿದೆ.