ಎರೆಮಣ್ಣಿನ ಕಲ್ಲು, ಕಡಲಿನ ಚಿಪ್ಪು

ನಮ್ಮ ಸುಲ್ತಾನ್‌ಪೇಟೆಯಿಂದ ನಡೆದೇ ಹೋಗಬಹುದಾದ ಸೆಂಟ್ರಲ್ ಕಾಲೇಜಿನಲ್ಲಿ ಒಂದು ಕಾಲಕ್ಕೆ ಕಡಲಿನ ಚರಿತ್ರೆ ಬರೆಯುತ್ತಿದ್ದರು ಎಂದರೆ ಈಗಿನ ಮಕ್ಕಳು ನಂಬುವುದಿಲ್ಲ. ಅಲ್ಲಿ ಭೂವಿಜ್ಞಾನ ಕಲಿಸುತ್ತಿದ್ದ ಪ್ರೊ. ಎಲ್. ರಾಮರಾವ್ ಅವರು ಯೂಲಿಯಸ್ ಪಿಯಾ ಅವರೊಡನೆ ತಿರುಚಿನಾಪಳ್ಳಿ ಜಿಲ್ಲೆಯ ನಿನಿಯೂರು ಪದರಗಳಲ್ಲಿ ಸಿಕ್ಕ ಪಾಚಿಗಳ ಪಳೆಯುಳಿಕೆಗಳನ್ನು 1936ರಲ್ಲಿ ವಿವರಿಸಿದರು. ಡೈನೋಸಾರ್‌ಗಳು ಅಳಿದ ಕಾಲದ ಆಸುಪಾಸಿನ ಕಡಲು ಅದು. ಆ ಪಾಚಿಗಳು ತಳಕ್ಕೆ ಅಂಟಿಕೊಂಡು ಬೆಳೆದವು. ನಾನು ಹೇಳಹೊರಟಿರುವುದು ಮೇಲೆ ತೇಲುತ್ತಿದ್ದ ಪ್ಲವಕಗಳ ಕಥೆ.

ಫೊರಾಮಿನಿಫೆರಾ ಎಂಬ ಏಕಕೋಶ ಜೀವಿ ಸುಣ್ಣದ ಚಿಪ್ಪು ಕಟ್ಟಿಕೊಳ್ಳುತ್ತದೆ. ತೇಲುವ ಬಗೆಯವು ಸಾಮಾನ್ಯವಾಗಿ ಗಸಗಸೆಗಿಂತ ಚಿಕ್ಕವು. ಸತ್ತ ಮೇಲೆ ಚಿಪ್ಪು ತಳದ ಕೆಸರು ಸೇರುತ್ತದೆ. ಅದರಲ್ಲಿರುವ ಆಮ್ಲಜನಕದ ಐಸೊಟೋಪುಗಳನ್ನು ಅಳೆದರೆ ಆಗಿನ ನೀರು ಎಷ್ಟು ಬೆಚ್ಚಗಿತ್ತೆಂದು ಗೊತ್ತಾಗುತ್ತದೆ. ರೈಸ್ ಸಾಹೇಬರು ಕಲ್ಲುಶಾಸನ ಓದಿದಂತೆ ಇವರು ಚಿಪ್ಪು ಓದುತ್ತಾರೆ.

ವಿಜಯಪುರ, ಬೀದರ್, ಬೆಳಗಾವಿ ಕಡೆಯ ಎರೆಮಣ್ಣಿನ ಕೆಳಗಿರುವ ಕಪ್ಪುಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ಗೋಲಗುಂಬಜ್ ಕಟ್ಟಿದ್ದೂ ಅದೇ ಜಾತಿಯ ಕಲ್ಲಿನಿಂದ. ಆ ಲಾವಾದ ಜೊತೆ ಹೊರಬಿದ್ದ ಇಂಗಾಲದ ಡೈಆಕ್ಸೈಡ್ ಕಡಲನ್ನು ಕೆಲವು ಡಿಗ್ರಿ ಕಾಯಿಸಿತೆಂದು ಅನೇಕ ವಿಜ್ಞಾನಿಗಳ ಅಭಿಪ್ರಾಯ. ಕ್ಷುದ್ರಗ್ರಹ ಬಂದು ಬಡಿದದ್ದು ಆಮೇಲೆ. ಬಿಸಿಯೇರಿದಾಗ ಹಲವು ಪ್ಲವಕಗಳು ಕುಬ್ಜವಾದವು. ಗ್ವೆಂಬೆಲಿಟ್ರಿಯಾ ಎಂಬ ಪುಟ್ಟ ಜೀವಿ ಮಾತ್ರ ಕೆಟ್ಟ ಕಾಲದಲ್ಲೇ ಹುಲುಸಾಗಿ ಬೆಳೆಯಿತು, ಕ್ಷುದ್ರಗ್ರಹದ ಹೊಡೆತವನ್ನೂ ತಾಳಿಕೊಂಡಿತು. ತೇಲುವ ಫೊರಾಮಿನಿಫೆರಾಗಳಲ್ಲಿ ಬಹುಪಾಲು ಅಳಿದುಹೋದವು. ಲಾವಾ ಆಂಧ್ರದ ರಾಜಮಹೇಂದ್ರಿಯವರೆಗೂ ಹೋಗಿತ್ತು. ಅಲ್ಲಿನ ಕಲ್ಲುಗಣಿಗಳಲ್ಲಿ ಎರಡು ಲಾವಾ ಪದರಗಳ ನಡುವೆ ಸಿಕ್ಕಿಕೊಂಡ ಕಡಲ ಕೆಸರಿನಲ್ಲಿ, ಆ ಅಳಿವಿನ ಬೆನ್ನಿಗೇ ಹುಟ್ಟಿದ ಹೊಸ ಪ್ಲವಕಗಳನ್ನು ಗೆರ್ಟಾ ಕೆಲ್ಲರ್ ಮತ್ತು ಸಂಗಡಿಗರು ಗುರುತಿಸಿ 2008ರಲ್ಲಿ ಪ್ರಕಟಿಸಿದರು. ಲಾವಾ ಹರಿದದ್ದು ಯಾವಾಗ ಎಂಬುದಕ್ಕೆ ಆ ಚಿಪ್ಪುಗಳೇ ಸಾಕ್ಷಿ ನುಡಿದವು.

ಇನ್ನೊಂದು ಬಿಸಿಗಾಲ 5.6 ಕೋಟಿ ವರ್ಷಗಳ ಹಿಂದಿನದು. ಕೆಲವೇ ಸಾವಿರ ವರ್ಷಗಳಲ್ಲಿ ಭೂಮಿ 5 ಡಿಗ್ರಿಗೂ ಹೆಚ್ಚು ಕಾದಿತು. ಆಳದ ತಳದಲ್ಲಿ ವಾಸಿಸುವ ಫೊರಾಮಿನಿಫೆರಾಗಳಲ್ಲಿ ಶೇ. 30ರಿಂದ 50ರಷ್ಟು ಪ್ರಭೇದಗಳು ನಾಶವಾದವು. ತೇಲುವವು ಬಹುಪಾಲು ಉಳಿದವು. ಬೆಚ್ಚನೆ ನೀರಿನ ಜೀವಿಗಳು ಧ್ರುವಗಳ ಕಡೆಗೆ ವಲಸೆ ಹೋದವು. ಏಪೆಕ್ಟೋಡಿನಿಯಂ ಎಂಬ ಪ್ಲವಕ ಆರ್ಕ್ಟಿಕ್‌ವರೆಗೂ ಮುಟ್ಟಿತು. ಅವುಗಳಿಗೆ ಹೋಗಲು ಜಾಗವೂ ಇತ್ತು, ಸಮಯವೂ ಇತ್ತು ಅನ್ನುವುದು ನನ್ನ ತಿಳಿವಳಿಕೆ. ಭೂಮಿ ಮತ್ತೆ ಹಳೆಯ ಸ್ಥಿತಿಗೆ ಬರಲು ಒಂದೂವರೆ ಲಕ್ಷ ವರ್ಷಕ್ಕೂ ಹೆಚ್ಚು ಹಿಡಿಯಿತು.

ಆಗ ಇಂಗಾಲ ಗಾಳಿಗೆ ಸೇರಿದ ವೇಗಕ್ಕಿಂತ ಇಂದು ನಾವು ಸುಮಾರು ಹತ್ತು ಪಟ್ಟು ವೇಗವಾಗಿ ಸೇರಿಸುತ್ತಿದ್ದೇವೆಂದು ಒಂದು ಅಂದಾಜು. ನಮ್ಮ ಕರಾವಳಿಯ ಬೂತಾಯಿ ಮೀನು ಹೊಟ್ಟೆ ಹೊರೆಯುವುದು ಇವತ್ತಿಗೂ ಪ್ಲವಕದಿಂದಲೇ.